ಯಾವ ಬಸ್ಸು ಹೊರಟಿತು?

ಕುರುಗೋಡಿನ ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ತರಗತಿ ಮುಗಿದರೂ ನನ್ನ ಪಾಠ ಮುಗಿಯುವುದಿಲ್ಲ, ಅದೊಂದು ರೋಗ.

ಮದುವೆಯಾದ ಮೊದಲ ಪಂಚಮಿಗೆ ಹೆಂಡತಿಯನ್ನು ಸಿರುಗುಪ್ಪದ ತವರಿಗೆ ಮುಟ್ಟಿಸಬೇಕಿತ್ತು. ಮಾವನವರು ಅಲ್ಲಿನ ಬಸ್‌ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದರು. ಬಳ್ಳಾರಿಯಲ್ಲಿ ಕಿಟಕಿಯಿಂದ ಟವೆಲ್ ಎಸೆದು ಎರಡು ಸೀಟು ಹಿಡಿದೆ. ಅವಳು ಫೋನಿದ್ದ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟು, "ಅವ್ವಗ ಹೂವು ತರ್ತೀನಿ, ಬಸ್ ಹೊಂಟ್ರ ನಿಲ್ಲಸ್ರಿ" ಎಂದು ಇಳಿದಳು.

ಎರಡೇ ನಿಮಿಷಕ್ಕೆ ಬಸ್ಸು ಹೊರಟುಬಿಟ್ಟಿತು. "ನಿಲ್ಲಸ್ರೀ! ನಮ್ಮ ಮನಿಯವ್ರು ಬರಬೇಕು!" ಎಂದು ಎದ್ದು ಕೂಗಿದೆ. ನೋಡಿದರೆ ಡ್ರೈವರೇ ಇನ್ನೂ ಬಂದಿರಲಿಲ್ಲ. ಹೊರಟದ್ದು ಪಕ್ಕದ ಬಸ್ಸು. ಇಡೀ ಬಸ್ಸು ನಕ್ಕಿತು.

ಹೋದ ಮಾನ ತರಬೇಕಲ್ಲ, ಹಿಂದಿನ ಸೀಟಿನ ಅಜ್ಜನಿಗೆ ಪಾಠ ಶುರುಮಾಡಿದೆ. ಮಿದುಳಿನಲ್ಲಿ ಚಲನೆಯನ್ನು ಗುರುತಿಸುವ ನರಕೋಶಗಳಿವೆ. ಕೆಲವು ಎಡಕ್ಕೆ ಸರಿಯುವುದನ್ನು ಕಂಡರೆ ಮಿಡಿಯುತ್ತವೆ, ಕೆಲವು ಬಲಕ್ಕೆ. ಕಿಟಕಿ ತುಂಬ ಕಾಣುವುದೆಲ್ಲ ಒಂದೇ ಕಡೆ ಸರಿದರೆ, ಸರಿದದ್ದು ನಾವೇ ಎಂದು ಮಿದುಳು ತೀರ್ಮಾನಿಸುತ್ತದೆ.

"ಅಂದ್ರ ಮಿದುಳು ಸುಳ್ಳು ಹೇಳತೈತೇನ್ರಿ?" ಅಜ್ಜ ಕೇಳಿದ.

"ಸುಳ್ಳಲ್ಲ ಅಜ್ಜಾ, ಅವಸರ. ಕಣ್ಣು ಮುಚ್ಚಿಕೊಂಡ್ರ ಆತು, ಮೋಸ ಆಗಂಗಿಲ್ಲ." ಮುಚ್ಚಿಯೂ ತೋರಿಸಿದೆ.

ಅಷ್ಟರಲ್ಲಿ ಡ್ರೈವರ್ ಬಂದು ಇಂಜಿನ್ ಶುರುಮಾಡಿದ. ಹಳೇ ಗಾಡಿ, ನಿಂತಲ್ಲೇ ಗಡಗಡ ನಡುಗಿತು.

"ಸರ್, ಗಾಡಿ ಹೊಂಟೈತಿ." ಅಜ್ಜ ಭುಜ ತಟ್ಟಿದ.

"ಅದು ಪಕ್ಕದ್ದು ಅಜ್ಜಾ." ಕಣ್ಣು ತೆರೆಯಲಿಲ್ಲ, ಮೈ ಕುಲುಕಿದ್ದೆಲ್ಲ ಇಂಜಿನ್ನಿನ ನಡುಕವೇ ಎಂದುಕೊಂಡೆ. ಒಂದೇ ಹಳ್ಳಕ್ಕೆ ಎರಡು ಸಲ ಬೀಳುವವನೇ ನಾನು?

ಕಂಡಕ್ಟರ್ ಬಂದಾಗ ಗತ್ತಿನಿಂದಲೇ ಹೇಳಿದೆ: "ಸಿರುಗುಪ್ಪ, ಒಂದು ಜೆಂಟ್ಸ್, ಒಂದು ಫ್ರೀ."

"ಲೇಡೀಸ್ ಎಲ್ಲಿ ಅದಾರ್ರಿ?"

ಕಣ್ಣು ಬಿಟ್ಟೆ. ಪಕ್ಕದ ಸೀಟಿನಲ್ಲಿ ಬರೀ ಟವೆಲ್. ಕಿಟಕಿಯಾಚೆ ಬಳ್ಳಾರಿಯೇ ಮುಗಿಯುತ್ತ ಬಂದಿತ್ತು.

ಟವೆಲ್, ಬ್ಯಾಗು ಎತ್ತಿಕೊಂಡು ಇಳಿದು, ಆಟೋ ಹಿಡಿದು ವಾಪಸ್ ಓಡಿದೆ. ಅವಳು ಹೂವಿನ ಪೊಟ್ಟಣ ಹಿಡಿದು ಅಲ್ಲೇ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಹಾಳು ಬಾಯಿ ಸುಮ್ಮನಿರಲಿಲ್ಲ. ನರಕೋಶಗಳ ಕಥೆಯನ್ನು ಮೊದಲಿನಿಂದ ಹೇಳಿದೆ.

ಅವಳು ಪೂರ್ತಿ ಕೇಳಿದಳು. "ಅಷ್ಟು ಕೋಶದಾಗ ಒಂದಾದ್ರೂ, ನಾ ಬಂದ್ನೋ ಇಲ್ಲೋ ಅಂತ ಬಾಗಿಲ ಕಡಿ ನೋಡಲಿಲ್ಲೇನ್ರಿ?"

ಮುಂದಿನ ಬಸ್ಸಿಗೆ ಟವೆಲ್ ಅವಳೇ ಎಸೆದಳು. ಸಿರುಗುಪ್ಪ ಮುಟ್ಟುವವರೆಗೂ ನಾನು ಬಾಯಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ಕೂತಿದ್ದೆ.