ತಾತನ ಕೊನೆಯ ಬಾಟಲಿ

"ಪುಟ್ಟೀ, ತಾತ ಈ ತಿಂಗಳ ರಮ್ ತಂದಿಟ್ಟಿದ್ರೇನಮ್ಮಾ?"

ತಾತನ ವೈಕುಂಠ ಸಮಾರಾಧನೆಯ ದಿನ ಎರಡು ಸಲ ಪಾಯಸ ಬಡಿಸಿಕೊಂಡು ಉಂಡು, ಎಲೆಯಡಿಕೆ ತಟ್ಟೆಯತ್ತ ಬಗ್ಗಿ ನನ್ನನ್ನು ಹೀಗೆ ಪಿಸುಗುಟ್ಟಿ ಕೇಳಿದವರು ಪಕ್ಕದ ಮನೆಯ ಮೇಷ್ಟ್ರು. ತ್ಯಾಗರಾಜನಗರದ ನಮ್ಮ ಬೀದಿಯ ಹುಡುಗರಿಗೆಲ್ಲ ಸಂಧ್ಯಾವಂದನೆ ಕಲಿಸಿದವರು!

ತಾತ ಬರ್ಮಾದಲ್ಲಿ ಯುದ್ಧ ಮಾಡಿ ಬಂದವರು ನಿಜ. ಆದರೆ ಎಂಬತ್ತೊಂದು ವರ್ಷದಲ್ಲಿ ಕಾಫಿ ಬಿಟ್ಟು ಬೇರೇನೂ ಕುಡಿದವರಲ್ಲ. ನಾನು ಕಣ್ಣುಬಾಯಿ ಬಿಟ್ಟಿದ್ದು ನೋಡಿ ಮೇಷ್ಟ್ರೇ ಬಿಡಿಸಿ ಹೇಳಿದರು. ಮಾಜಿ ಸೈನಿಕರಿಗೆ ಮಿಲಿಟರಿ ಕ್ಯಾಂಟೀನಿನಲ್ಲಿ ಕೊಡುವ ರಮ್ಮನ್ನು ತಾತ ತಿಂಗಳು ತಪ್ಪದೆ, ತರಕಾರಿ ಚೀಲದಲ್ಲಿ ನುಗ್ಗೆಕಾಯಿಯ ಕೆಳಗಿಟ್ಟು ತರುತ್ತಿದ್ದರಂತೆ. ನಮ್ಮ ಮನೆಗೆ ಗ್ಯಾಸ್ ಬಂದಿದ್ದು, ಅತ್ತೆಯ ಮದುವೆಗೆ ಮುಹೂರ್ತದ ದಿನವೇ ಛತ್ರ ಸಿಕ್ಕಿದ್ದು, ಎಲ್ಲದರ ಹಿಂದೆಯೂ ಒಂದೊಂದು ಬಾಟಲಿ ಇತ್ತು. ಮೇಷ್ಟ್ರು ನನಗೆ 'ಪುಕ್ಕಟೆ' ಹೇಳಿಕೊಟ್ಟ ಎಸ್ಸೆಸ್ಸೆಲ್ಸಿ ಗಣಿತದ ಹಿಂದೆ ಮೂರು! ಬರ್ಮಾದಲ್ಲಿ ತಾತ ಯಾರನ್ನು ಗೆದ್ದರೋ ಗೊತ್ತಿಲ್ಲ, ಬಸವನಗುಡಿಯಲ್ಲಂತೂ ಯಾರನ್ನೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಅಜ್ಜಿಯ ದನಿ ಬಂತು. "ತಂದಿದಾರೆ ಮೇಷ್ಟ್ರೇ. ಆದ್ರೆ ಅದು ನಮ್ಮನೆಯವರ ಕೊನೇ ಸಂಪಾದನೆ. ಯಾರಿಗೂ ಕೊಡಲ್ಲ."

ಆ ಬಾಟಲಿ ಅಜ್ಜಿ ಇರುವವರೆಗೂ ಬೀರುವಿನಲ್ಲಿ ತಾತನ ಮೆಡಲುಗಳ ಪಕ್ಕದಲ್ಲೇ ಇತ್ತು. ಈರುಳ್ಳಿ ಮುಟ್ಟಿದರೂ ಕೈ ತೊಳೆಯುತ್ತಿದ್ದ ಅಜ್ಜಿ, ಅದರ ಮೇಲಿನ ಧೂಳನ್ನು ಮಾತ್ರ ಮಡಿಸೀರೆಯ ಸೆರಗಿನಲ್ಲೇ ಒರೆಸುತ್ತಿದ್ದರು.