ರತ್ನಮ್ಮನವರ ಹೊಂಗೆ ನೆರಳು

ರತ್ನಮ್ಮನವರು ಬಾಯಿ ತೆರೆದರೆ ಬೀದಿಯಲ್ಲಿ ಹೋಗುವವರು ತಮಗೇ ಏನೋ ಹೇಳುತ್ತಿದ್ದಾರೆಂದು ನಿಂತುಬಿಡುತ್ತಿದ್ದರು. ರೈಲ್ವೆ ನಿಲ್ದಾಣದ ಧ್ವನಿವರ್ಧಕದಲ್ಲಿ ಬಂಡಿಗಳು ಬರುವುದು ಹೋಗುವುದನ್ನು ತಮಿಳು, ಹಿಂದಿ, ಇಂಗ್ಲಿಷಿನಲ್ಲಿ ಹೇಳುವುದೇ ಅವರ ಕೆಲಸವಾಗಿತ್ತು. ಕೆಲಸದಿಂದ ನಿವೃತ್ತರಾದರೂ ದನಿ ನಿವೃತ್ತವಾಗಿರಲಿಲ್ಲ. “ವಿಜಯಾ, ತಣ್ಣಿ ಲಾರಿ ಬಂತು ಕಣೇ, ಕೊಡ ತಗೊಂಡು ಇಳಿ!” ಎಂದು ಅವರು ಕೂಗಿದರೆ ಮಹಡಿಯ ಮೇಲಿದ್ದ ನಾನೊಬ್ಬಳೇ ಅಲ್ಲ, ಬೀದಿಗೆ ಬೀದಿಯೇ ನೀರಿಗೆಂದು ಕೊಡ ಹಿಡಿದು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಚೆನ್ನೈಗೆ ಬಂದ ನಾನು ವೇಲಚೇರಿಯಲ್ಲಿ ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದೆ. ಅವರು ಹಾಸನದ ಕಡೆಯವರು, ಗಂಡ ತೀರಿಕೊಂಡಿದ್ದರು. ಶಾಲೆಗೆ ಹೋಗುವ ಮಗಳು ಸುಧಾ ತಾಯಿಯ ಕನ್ನಡಕ್ಕೆ ತಮಿಳಿನಲ್ಲೇ ಉತ್ತರಿಸುತ್ತಿದ್ದಳು. ಮನೆಯ ಪಶ್ಚಿಮಕ್ಕೆ ಕಡಪ ಕಲ್ಲು ಹಾಸಿದ ಚೊಕ್ಕ ಅಂಗಳ, ಅದರಲ್ಲೊಂದು ಕಲ್ಲುಬೆಂಚು. ಮಧ್ಯಾಹ್ನದ ಮೇಲೆ ಮಾತ್ರ ಬಿಸಿಲಿಗೆ ಕಲ್ಲು ಕಾದು ಅಲ್ಲಿ ಕಾಲಿಡುವಂತಿರಲಿಲ್ಲ.

“ಕಿಟಕಿ ಇಲ್ಲದ ರೂಮಲ್ಲಿ ಕೂತು ಬಂಡಿ ಬಂತು, ಬಂಡಿ ಹೋಯ್ತು ಅಂತ ಹೇಳಿದ್ದೇ ಆಯ್ತು. ಒಂದನ್ನೂ ಕಣ್ಣಲ್ಲಿ ನೋಡಲಿಲ್ಲ. ಇನ್ನು ನಾನು ಹೊರಗೆ ಮರದ ನೆರಳಲ್ಲಿ ಕೂರಬೇಕು” ಎನ್ನುತ್ತಿದ್ದರು.

ಊರಿನ ಇನ್ನೊಂದು ಕಡೆ ಪೋರೂರಿನಲ್ಲಿದ್ದ ಅವರ ತಮ್ಮ ಶ್ರೀನಿವಾಸ ಸಿವಿಲ್ ಎಂಜಿನಿಯರು. ಭಾನುವಾರ ಬಂದಾಗಲೆಲ್ಲ, “ಅಂಗಳದ ಮೇಲೆ ಶೀಟು ಹಾಕಿಸಿಬಿಡಕ್ಕಾ, ಎರಡೇ ದಿನದ ಕೆಲಸ. ಮರ ಅಂದ್ರೆ ಬೇರು, ಬೇರು ಅಂದ್ರೆ ಗೋಡೆಗೆ ಬಿರುಕು. ಬೇಕೇ ಬೇಕಂದ್ರೆ ಉದ್ದನೆ ಅಶೋಕ ಹಾಕು” ಎನ್ನುತ್ತಿದ್ದ.

“ಅದರ ನೆರಳಲ್ಲಿ ಒಂದು ಕಾಗೆ ಕೂರಬಹುದು, ನಾನು ಕೂರಕ್ಕಾಗಲ್ಲ” ಎಂದರು ರತ್ನಮ್ಮ.

ಕೊನೆಗೆ ಒಂದು ಒಪ್ಪಂದವಾಯಿತು. ಸುಧಾಳ ಮದುವೆಯ ಹೊತ್ತಿಗೆ ಬೆಂಚಿನ ಮೇಲೆ ನೆರಳು ಬೀಳದಿದ್ದರೆ ಮರ ಕಡಿದು ಶೀಟು ಹಾಕಿಸುವುದು.

ಆ ಮೇ ತಿಂಗಳಲ್ಲಿ ಅವರು ಮರ ಆರಿಸಿದ ಬಗೆಯನ್ನು ನಾನು ಮರೆಯಲಾರೆ. ರಜೆಯ ದಿನಗಳಲ್ಲಿ ಉರಿಬಿಸಿಲಿನಲ್ಲಿ ಮಡಿಸುವ ಸ್ಟೂಲು ಹಿಡಿದು, ನನ್ನನ್ನೂ ಎಳೆದುಕೊಂಡು, ಸುತ್ತಲಿನ ಬೀದಿಗಳ ಒಂದೊಂದು ಮರದ ಕೆಳಗೂ ಕೂತು ನೋಡಿದರು. ಗುಲ್‌ಮೊಹರ್ ಕೆಳಗೆ ಕೂತು, “ಇದು ನೆರಳಲ್ಲ, ಜರಡಿ” ಎಂದರು. ಬಾದಾಮಿ ಮರದ ಕೆಳಗೆ ಹೆಗಲ ಮೇಲೆ ಕಂಬಳಿಹುಳು ಬಿತ್ತು. ಸ್ಟೂಲು ಮಡಚಿಕೊಂಡು ಎದ್ದರು. ಬೀದಿಯಗಲ ಹರಡಿದ್ದ ಮಳೆಮರ ಹಿಡಿಸಿತು, ಆದರೆ “ಇದನ್ನ ತಗೊಂಡ್ರೆ ಮನೆ ಇದಕ್ಕೆ ಬಿಟ್ಟುಕೊಟ್ಟು ನಾವು ಬಾಡಿಗೆಗೆ ಹೋಗಬೇಕು” ಎಂದರು. ಕೊನೆಗೆ ಒಂದು ಟೀ ಅಂಗಡಿಯ ಪಕ್ಕದ ಹೊಂಗೆಯ ಕೆಳಗೆ ಕೂತು, ಹತ್ತಿರದ ಕಲ್ಲಿನ ಮೇಲೆ ಅಂಗೈ ಇಟ್ಟರು. “ತಣ್ಣಗಿದೆ ನೋಡು. ಇಲ್ಲಿ ವೆಯಿಲ್ ಒಳಗೇ ಬರಲ್ಲ, ಒಂದು ಚೂರು ಬಿಸಿಲಿಲ್ಲ. ನೀರು ನಿಂತರೂ ತಡೆಯುತ್ತೆ. ಮಳೆ ಬಂದ್ರೆ ಕೆರೆಯಾಗೋ ನಮ್ಮ ವೇಲಚೇರಿಗೆ ಇದೇ ಸರಿ.”

ಎಲ್ಲಿ ನೆಡಬೇಕು ಎಂಬುದಕ್ಕೆ ತಮ್ಮನನ್ನೇ ದುಡಿಸಿಕೊಂಡರು. ಉದ್ದನೆಯ ಬಿದಿರಿನ ತುದಿಗೆ ಕೊಡೆ ಬಿಚ್ಚಿ ಕಟ್ಟಿ, ಸಂಜೆ ನಾಲ್ಕರ ಬಿಸಿಲಿನಲ್ಲಿ ಅವನ ಕೈಗೆ ಕೊಟ್ಟು, ತಾವು ಬೆಂಚಿನ ಮೇಲೆ ಕೂತರು. “ಹಿಂದೆ ಹೋಗೋ ಸೀನ. ಇನ್ನೂ ಹಿಂದೆ. ಗೋಡೆಯಿಂದ ದೂರ ಆದಷ್ಟೂ ನಿನಗೇ ಸಮಾಧಾನ.” ಕೊಡೆಯ ನೆರಳು ಬಂದು ಅವರ ಮುಖದ ಮೇಲೆ ನಿಂತಾಗ “ಅಲ್ಲೇ!” ಎಂದು ಕೂಗಿದರು. ಬೆವರು ಒರೆಸಿಕೊಳ್ಳುತ್ತ ಅವನು ನಿಂತಿದ್ದ ಜಾಗದಲ್ಲೇ ಗುಂಡಿ ತೋಡಿಸಿದರು.

ಸಸಿಯ ಸುತ್ತ ಕಲ್ಲು ತೆಗೆಸಿ ಅಗಲವಾಗಿ ಮಣ್ಣು ಬಿಡಿಸಿದರು. ದಿನವೂ ಚೊಂಬಿನಲ್ಲಿ ನೀರು ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. “ಮೇಲೆ ಮೇಲೆ ಎರೆದ್ರೆ ಬೇರು ಮೇಲೇ ಹರಡಿಕೊಳ್ಳುತ್ತೆ. ಅಪರೂಪಕ್ಕೆ ಹಾಕು, ಹೊಟ್ಟೆ ತುಂಬ ಹಾಕು, ಅದು ಕೆಳಗೆ ಇಳಿಯುತ್ತೆ” ಎನ್ನುತ್ತಿದ್ದರು. ಕೆಳಗಿನ ರೆಂಬೆಗಳನ್ನು ಒಮ್ಮೆಗೇ ಸವರದೆ, ಕಾಂಡ ಬಲಿತಂತೆಲ್ಲ ಒಂದೊಂದಾಗಿ ತೆಗೆಸಿದರು.

ಮಳೆ ಕೈಕೊಟ್ಟ ವರ್ಷ ಬಾವಿ ಬತ್ತಿತು. ಲಾರಿ ನೀರು ಕುಡಿಯುವುದಕ್ಕೇ ಸಾಲದು. ಎಳೆಯ ಹೊಂಗೆಯ ಎಲೆಗಳು ಜೋತುಬಿದ್ದವು. “ಬಿಡಕ್ಕಾ, ಆಗಲ್ಲ ಇದು” ಎಂದ ಶ್ರೀನಿವಾಸ. ರತ್ನಮ್ಮ ಅಂದು ಸಂಜೆ ಅಂಗಳದಲ್ಲಿ ನಿಂತು ನಿಲ್ದಾಣದ ದನಿಯಲ್ಲಿ ಬೀದಿಗೇ ಹೇಳಿದರು: ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಯಾರೂ ಚೆಲ್ಲಬೇಡಿ, ಇಲ್ಲಿ ತನ್ನಿ. ಮೊದಲು ನಗುತ್ತ ತಂದರು. ಆಮೇಲೆ ಸಂಜೆಯಾದರೆ ಬಕೆಟ್ಟುಗಳು ತಾವಾಗಿಯೇ ಗೇಟಿಗೆ ಬರತೊಡಗಿದವು. ಒಣ ಸೊಪ್ಪನ್ನೆಲ್ಲ ಬುಡಕ್ಕೆ ಮುಚ್ಚಿಸಿದರು. ಬೇಸಿಗೆ ಕಳೆಯುವ ಹೊತ್ತಿಗೆ ತುದಿಯಲ್ಲಿ ಎಳೆಹಸಿರು ಚಿಗುರು ಕಂಡಿತು. ಸುಧಾ ಮೆಟ್ಟಿಲು ಹಾರಿ ಬಂದು, “ಅಕ್ಕಾ, ವಂದಿರುಚ್ಚು!” ಎಂದು ಚಿಗುರು ಬಂದೇಬಿಟ್ಟ ಖುಷಿಗೆ ನನ್ನನ್ನು ತಬ್ಬಿಕೊಂಡಳು.

ಮುಂದೊಂದು ವರ್ಷದ ಮಳೆಗೆ ಬೀದಿಯಲ್ಲಿ ಮೊಣಕಾಲವರೆಗೆ ನೀರು ನಿಂತು, ಪಕ್ಕದ ಮನೆಯ ಗುಲ್‌ಮೊಹರ್ ಬೇರುಸಹಿತ ಉರುಳಿತು. ಹೊಂಗೆ ಅಲುಗಲಿಲ್ಲ. ಶ್ರೀನಿವಾಸ ಬಂದು ಮನೆಯ ಗೋಡೆಯನ್ನು ಸುತ್ತು ಹಾಕಿ ನೋಡಿದ. ಬಿರುಕು ಸಿಗಲಿಲ್ಲ.

ಸುಧಾಳ ನಿಶ್ಚಿತಾರ್ಥ ಮೇ ತಿಂಗಳಲ್ಲೇ ಬಂತು. ನಡುಮನೆಯಲ್ಲಿ ಜನ ಕಿಕ್ಕಿರಿದಿದ್ದರು. ಪುರೋಹಿತರು ಸಂಕಲ್ಪ ಶುರುಮಾಡಿದ್ದರಷ್ಟೇ, ಕರೆಂಟು ಹೋಯಿತು. ಫ್ಯಾನು ನಿಂತು ಮಕ್ಕಳು ಅಳತೊಡಗಿದವು. ಹುಡುಗನ ಅಜ್ಜಿಗೆ ತಲೆಸುತ್ತು ಬಂತು. ಬೀಗರ ಮುಖಗಳು ಬಿಗಿದವು. ಆಗ ರತ್ನಮ್ಮ ಎದ್ದು ಸೆರಗು ಸರಿಮಾಡಿಕೊಂಡರು.

“ದಯವಿಟ್ಟು ಗಮನಿಸಿ. ನಿಶ್ಚಿತಾರ್ಥ ಈಗ ಪಶ್ಚಿಮದ ಅಂಗಳದಿಂದ ಹೊರಡುತ್ತದೆ!”

ಮನೆ ಮನೆಯೇ ನಕ್ಕಿತು. ಜಮಖಾನೆ, ತಟ್ಟೆ, ದೀಪ ಎಲ್ಲ ಹೊಂಗೆಯ ಕೆಳಗೆ ಬಂದವು. ಕೊಂಬೆಗಳು ಅಂಗಳದ ಉದ್ದಕ್ಕೂ ಚಾಚಿದ್ದವು. ತಾಂಬೂಲ ಬದಲಾಯಿಸುವಾಗ ತಿಳಿನೇರಳೆ ಹೂ ಉದುರಿ ತಟ್ಟೆಗೇ ಬಿದ್ದವು. ಅಜ್ಜಿ ಪಾನಕ ಕುಡಿದು ಚೇತರಿಸಿಕೊಂಡು, “ಮದುವೇನೂ ಇಲ್ಲೇ ಮಾಡಿಬಿಡಿ” ಎಂದರು. ಒಂದು ಗಂಟೆಯ ಮೇಲೆ ಕರೆಂಟು ಬಂದರೂ ಒಬ್ಬರೂ ಏಳಲಿಲ್ಲ. ಶ್ರೀನಿವಾಸ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತು ಮೇಲಕ್ಕೆ ನೋಡಿದ. “ನೀನೇ ಗೆದ್ದೆ ಕಣಕ್ಕಾ” ಎಂದ. ಅವರು ಅವನ ಬೆನ್ನಿನ ಮೇಲೆ ಬಲವಾಗಿ ಒಂದು ಗುದ್ದು ಗುದ್ದಿದರು.

ಆ ಮೇಲೆ ನನಗೆ ಮೈಸೂರಿಗೆ ವರ್ಗವಾಯಿತು. ಒಂದು ಬೇಸಿಗೆ ಕೆಲಸದ ಮೇಲೆ ಚೆನ್ನೈಗೆ ಹೋದವಳು ನೇರ ಅವರ ಮನೆಗೆ ಹೋದೆ. ಮಧ್ಯಾಹ್ನ ಮೂರರ ಬಿಸಿಲು; ಆಟೋ ಇಳಿದು ಗೇಟು ಮುಟ್ಟಿದರೆ ಕೈ ಸುಟ್ಟಿತು. ರತ್ನಮ್ಮ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಸೊರಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಗೇಟಿನಾಚೆ ಬೆವರಿಳಿಸಿಕೊಂಡು ಹೋಗುವವರಿಗೆಲ್ಲ ಕೇಳುವಂತೆ ಹೇಳಿದರು:

“ವಿಜಯಾ, ಒಳಗಿಂದ ನನ್ನ ಶಾಲು ತಗೊಂಡು ಬಾ. ಇಲ್ಲಿ ಚಳಿ!”

ತಂದುಕೊಟ್ಟೆ. ಹೊದ್ದುಕೊಂಡು ಮಹಾರಾಣಿಯಂತೆ ಕೂತರು. ಮುಂದಿನ ಬೇಸಿಗೆಗೆ ಅವರಿರಲಿಲ್ಲ. ನನ್ನ ಕಣ್ಣಿಗೆ ಕಟ್ಟಿರುವುದು ಅವರ ಆ ಕೂತ ಭಂಗಿಯೇ: ಮೇ ತಿಂಗಳ ಚೆನ್ನೈಯಲ್ಲಿ, ಶಾಲು ಹೊದ್ದು.