ಅಕ್ಕನ ಗಂಬೂಟು

ಬಿಸಿಲೇರಿದ ದಿನ ನಮ್ಮ ಗ್ಯಾರೇಜಿನ ಬಾಗಿಲು ಎತ್ತಿದರೆ ಮೊದಲು ಮೂಗಿಗೆ ಬಡಿಯುವುದು ಕಾದ ರಬ್ಬರಿನ ವಾಸನೆ. ಕಳೆದ ಶನಿವಾರವೂ ಹಾಗೇ ಆಯಿತು. ಲಾನ್‌ಮೋವರ್ ಹಿಂದೆ ಗೋಡೆಗೆ ಒರಗಿದ ಒಂದು ಜೊತೆ ಹಸಿರು ಗಂಬೂಟು. ನನ್ನವಲ್ಲ. ನನ್ನ ಪಾದ ಅವುಗಳೊಳಗೆ ಅರ್ಧ ಹೋಗಿ ಸಿಕ್ಕಿಕೊಳ್ಳುತ್ತದೆ. ಅವು ಪಕ್ಕದ ಮನೆಯ ಅಕ್ಕನವು...

ಈ ಪರದೇಶದ ದಿ ಪಾಂಡ್ಸ್ ಎಂಬ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿಕೊಂಡು ಬಂದ ಹೊಸದರಲ್ಲಿ, ಬೇಲಿಯ ಮೇಲಿಂದ ಒಂದು ಹಿಡಿ ಕರಿಬೇವು ಚಾಚಿ "ಕನ್ನಡದವರಾ?" ಎಂದು ಕೇಳಿದವಳು ಅವಳು. ಮೈಸೂರಿನ ಕಡೆಯವಳು. ಒಂದು ವಾರ ನೀವು-ತಾವು ನಡೆಯಿತು, ಆಮೇಲೆ ನನಗೆ ಅವಳು ಅಕ್ಕ, ಅವಳಿಗೆ ನಾನು "ಬಾರೇ, ಹೋಗೇ". ನಕ್ಕರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಗಂಡನ ಕಾರು ಡ್ರೈವ್‌ವೇಗೆ ಬಂದರೆ ಮಾತ್ರ ಆ ನಗು ನಲ್ಲಿ ತಿರುಗಿಸಿದ ಹಾಗೆ ನಿಂತುಬಿಡುತ್ತಿತ್ತು.

ಆ ಮಹಾಶಯನಿಗೆ ಮ್ಯಾಕ್ವೆರಿ ಪಾರ್ಕ್ ಎಂಬ ಕಡೆ ಯಾವುದೋ ಕಂಪನಿಯಲ್ಲಿ ಸೇಫ್ಟಿ ನೋಡಿಕೊಳ್ಳುವ ಕೆಲಸ. ನೆಲದ ಮೇಲೆ ಲೋಟ ನೀರು ಚೆಲ್ಲಿದರೂ 'ಜಾರೀತು' ಎಂಬ ಹಳದಿ ಬೋರ್ಡ್ ಇಡಿಸುವ ಮನುಷ್ಯ. ಮನೆಯಲ್ಲಿ ಹೆಂಡತಿ ಬರಿಗಾಲಲ್ಲಿ ತೋಟ ಅಗೆಯಬೇಕು! ಯಾಕೆಂದರೆ ಹಿತ್ತಲ ನಡುವೆ ತುಳಸಿಕಟ್ಟೆ ಇತ್ತು. ತುಳಸಿ ಇರುವ ಕಡೆ ಚಪ್ಪಲಿ ಕೂಡದು, ಬೂಟು ಕೂಡದು, ದೇವರ ಹೂವಿಗೆ ಚರ್ಮದ ಗ್ಲೌಸ್ ತಗಲಕೂಡದು. ಈ ಮಡಿಯೆಲ್ಲ ಅವಳಿಗೆ ಮಾತ್ರ. ಆತ ಅದೇ ಹಿತ್ತಲಲ್ಲಿ ಶೂ ಹಾಕಿಕೊಂಡೇ ಬಾರ್ಬೆಕ್ಯೂ ಒಲೆ ಒರೆಸುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕಟ್ಟೆ ಕಟ್ಟಿ ಉಳಿದ ಇಟ್ಟಿಗೆ ಅದರ ಹಿಂದೆಯೇ ರಾಶಿ ಬಿದ್ದಿತ್ತು. ಹಕ್ಕಿಗೆಂದು ಅಕ್ಕ ಚೆಲ್ಲುವ ಅಕ್ಕಿಗೆ ಇಲಿಗಳು ಬರುತ್ತಿದ್ದವು. ಇಲಿ ಬಂದಲ್ಲಿ ಹಾವು ಬಾರದೆ ಇರುತ್ತದೆಯೇ? "ರೀ, ಆ ಇಟ್ಟಿಗೆ ತೆಗೆಸ್ರೀ" ಎಂದು ಅವಳು ಗೋಗರೆಯುವುದು ಬೇಲಿಯಾಚೆ ನನಗೇ ಎಷ್ಟು ಸಲ ಕೇಳಿಸಿದೆಯೋ. "ನಿಂಗೇನು ಕೈ ಇಲ್ವಾ?" ಎನ್ನುತ್ತಿದ್ದ, ಅಷ್ಟೇ.

ಒಂದು ದಿನ ಅವಳೇ ಈ ಬೂಟು ಕೊಂಡು ತಂದು ನನ್ನ ಕೈಗಿಟ್ಟಳು. "ಇಲ್ಲೇ ಇಟ್ಕೊಂಡಿರ್ತೀಯಾ? ಇವರು ಆಫೀಸಿಗೆ ಹೋದ ಮೇಲೆ ಬರ್ತೀನಿ" ಎಂದಳು. ಅಂದಿನಿಂದ ನನ್ನ ತೋಟಕ್ಕೆ ಅವಳೇ ಯಜಮಾನಿ. ಬೂಟನ್ನು ತಲೆಕೆಳಗೆ ಹಿಡಿದು ನೆಲಕ್ಕೆ ಬಡಿಯದೆ ಕಾಲು ಹಾಕುತ್ತಿರಲಿಲ್ಲ. ಒಮ್ಮೆ ಬೆನ್ನ ಮೇಲೆ ಕೆಂಪು ಗೆರೆಯಿದ್ದ ರೆಡ್‌ಬ್ಯಾಕ್ ಎಂಬ ವಿಷದ ಜೇಡ ಉದುರಿ ಬಿತ್ತು, ನಾನು ಕಿಟಾರನೆ ಕಿರುಚಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುಂಡ ಎತ್ತುವ ಮುಂಚೆ ಕೋಲಿನಿಂದ ಸರಿಸಿ ನೋಡು, ಹುಲ್ಲು ಬೆಳೆಯಲು ಬಿಡಬೇಡ, ಕಣ್ಣು ಹೋಗದ ಕಡೆ ಕೈ ಹೋಗಬಾರದು ಕಣೇ... ಎಲ್ಲ ಕೌನ್ಸಿಲ್‌ನವರ, ಅಂದರೆ ಇಲ್ಲಿನ ಪುರಸಭೆಯವರ, ಕ್ಲಾಸಿಗೆ ಹೋಗಿ ಕಲಿತದ್ದು. ಹಾವು ಕಚ್ಚಿದರೆ ತೊಳೆಯಬಾರದು, ನಡೆಯಬಾರದು, ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಅಲ್ಲಾಡದೆ ಮಲಗಬೇಕು ಅಂತಲೂ ನನಗೆ ಹೇಳಿಕೊಟ್ಟವಳು ಅವಳೇ. "ನಿಮ್ಮನೇಲಿ ತುಳಸಿ ಇಲ್ಲ, ಪುಣ್ಯ ಮಾಡಿದ್ದೀಯ" ಎಂದು ನಗುತ್ತಿದ್ದಳು. ತನ್ನ ಹಿತ್ತಲಿಗೆ ಮಾತ್ರ ಬರಿಗಾಲಲ್ಲೇ ವಾಪಸ್ಸು.

ಈ ದೇಶದಲ್ಲಿ ನಾಗರಪಂಚಮಿ ಬರುವುದು ಚಳಿಗಾಲದಲ್ಲಿ, ಹಾವುಗಳೆಲ್ಲ ಬಿಲದೊಳಗೆ ಬೆಚ್ಚಗಿರುವಾಗ. ಕಾರ್ತಿಕದ ತುಳಸಿ ಪೂಜೆ ಬರುವ ಹೊತ್ತಿಗೆ ಬಿಸಿಲು ಏರಿ ಅವು ಹಸಿದು ಹೊರಬಿದ್ದಿರುತ್ತವೆ. ಆ ವರ್ಷ ಆತ ಆಫೀಸಿನವರನ್ನೂ ಪೂಜೆಗೆ ಕರೆದಿದ್ದ. ನಾನು ಹೋದಾಗ ಅಕ್ಕ ರೇಷ್ಮೆ ಸೀರೆಯುಟ್ಟು ಎಲ್ಲರಿಗೂ ಕೋಸಂಬರಿ ಕೊಡುತ್ತಾ ಓಡಾಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಹತ್ತಿರ ಬಂದು ಪಿಸುಗುಟ್ಟಿದಳು, "ದೀಪ ಇಡುವಾಗ ಕಾಲಿಗೆ ಏನೋ ಚುಚ್ಚಿತು ಕಣೇ. ಮುಳ್ಳಂತೆ, ಇವರು ಹೇಳಿದ್ರು. ಕಾಲು ತೊಳ್ಕೊಂಡು ಬಾ, ಗೆಸ್ಟ್ಸ್ ಕಾಯ್ತಿದ್ದಾರೆ ಅಂದ್ರು."

ತುಳಸಿಗೆ ಎಲ್ಲಿಯ ಮುಳ್ಳು, ಅಯ್ಯೋ ದೇವರೇ...

ಕೈಯಲ್ಲಿದ್ದ ತಟ್ಟೆ ಕಿತ್ತಿಟ್ಟು ಅವಳನ್ನು ಅಲ್ಲೇ ನೆಲದ ಮೇಲೆ ಮಲಗಿಸಿದೆ. ಹಿಮ್ಮಡಿಯ ಮೇಲೆ ಗೀರಿದ ಹಾಗೆ ಸಣ್ಣ ಗುರುತು, ಅದರ ಮೇಲೆ ಅರಿಶಿನ. ನನ್ನ ದುಪಟ್ಟಾ ಸುತ್ತುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಆತ ಹಲ್ಲು ಕಡಿದುಕೊಂಡು, "ಎಲ್ಲರ ಮುಂದೆ ಏನಿದು ಡ್ರಾಮಾ? ಏಳೇ" ಎಂದ. ಅವಳು ಏಳಲು ಹೋದಳು. ಪಾಪಿ ಕರೆದರೂ ಏಳಲು ಹೋದಳಲ್ಲ! ಅಲ್ಲೇ ಕುಸಿದಳು. ಆಂಬುಲೆನ್ಸಿನವರು ಎದೆ ಒತ್ತುತ್ತಲೇ ಕರೆದುಕೊಂಡು ಹೋದರು. ಆಸ್ಪತ್ರೆಯಿಂದ ವಾಪಸ್ಸು ಬಂದದ್ದು ರೇಷ್ಮೆ ಸೀರೆಯಿದ್ದ ಪ್ಲಾಸ್ಟಿಕ್ ಚೀಲ ಮಾತ್ರ.

ಆಮೇಲಿನದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಸಾಂತ್ವನ ಹೇಳಲು ಬಂದವರಿಗೆಲ್ಲ ಆತ ಕಣ್ಣೊರೆಸಿಕೊಂಡು, "ಬೂಟು ಹಾಕ್ಕೋ ಅಂತ ಎಷ್ಟು ಹೇಳಿದೆ, ಕೇಳಲಿಲ್ಲ. ಹಠಮಾರಿ" ಎಂದ. ಅದು ಸುಳ್ಳು ಎಂದು ನಾನು ಅಂದದ್ದಕ್ಕೆ, ಸತ್ತ ಮನೆಯಲ್ಲಿ ಜಗಳ ಯಾಕಮ್ಮ ಎಂದು ಹಿರಿಯರು ನನ್ನನ್ನೇ ಹೊರಗೆ ಕರೆದುಕೊಂಡು ಹೋದರು. ಮುಂದಿನ ಬೇಸಿಗೆಗೆ ನಮ್ಮವರ ಒಂದು ಕೂಟದಲ್ಲಿ ತೋಟದ ಸೇಫ್ಟಿ ಬಗ್ಗೆ ಭಾಷಣ ಬೇರೆ ಮಾಡಿದ, ಪರದೆಯ ಮೇಲೆ ಗಂಬೂಟಿನ ಚಿತ್ರ ತೋರಿಸಿ. ಜನ ಚಪ್ಪಾಳೆ ತಟ್ಟಿದರು. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ.

ಈಗ ಆ ಮನೆಗೆ ಹೊಸ ಹೆಂಡತಿ ಬಂದಿದ್ದಾಳೆ. ಮಂಡ್ಯದ ಹುಡುಗಿ, ಬಾಯಿ ತುಂಬ ಮಾತು. ಶನಿವಾರ ಬೇಲಿಯಾಚೆ ನೋಡಿದರೆ ಅದೇ ಕಟ್ಟೆ, ಅದೇ ಇಟ್ಟಿಗೆ ರಾಶಿ, ಅದರ ಪಕ್ಕ ಅವಳ ಬರಿಗಾಲು. ಗ್ಯಾರೇಜಿಗೆ ಓಡಿ ಬೂಟು ತಂದು, ತಲೆಕೆಳಗೆ ಮಾಡಿ ಬಡಿದು, ಬೇಲಿಯ ಮೇಲಿಂದ ಚಾಚಿದೆ.

"ಮೊದಲನೆಯವರು ಬೂಟು ಹಾಕ್ಕೊಳ್ಳೋಕೇ ಒಪ್ತಿರಲಿಲ್ವಂತಲ್ಲ, ಆಂಟಿ?" ಎಂದಳು.

"ಇವು ಅವಳವೇ" ಎಂದೆ.

ಹುಡುಗಿ ಬೂಟು ತಿರುಗಿಸಿ ಸವೆದ ಅಡಿಯನ್ನೂ ಅದಕ್ಕೆ ಅಂಟಿ ಒಣಗಿದ ಮಣ್ಣನ್ನೂ ನೋಡಿದಳು. ಆಮೇಲೆ ಡ್ರೈವ್‌ವೇ ಕಡೆ ಒಮ್ಮೆ ಕಣ್ಣು ಹಾಯಿಸಿ, ಬೂಟನ್ನು ಮೆಲ್ಲಗೆ ನನ್ನ ಕಡೆಗೇ ದಾಟಿಸಿದಳು.

"ನಿಮ್ಮನೇಲೇ ಇಟ್ಕೊಂಡಿರ್ತೀರಾ, ಆಂಟಿ? ಇವರು ಆಫೀಸಿಗೆ ಹೋದ ಮೇಲೆ ಬರ್ತೀನಿ."

ಅಕ್ಕ ಇನ್ನು ಬರುವುದಿಲ್ಲ. ಬೂಟು ಮತ್ತೆ ಲಾನ್‌ಮೋವರ್ ಹಿಂದೆ ಇವೆ. ಈ ಹುಡುಗಿ ಸೋಮವಾರ ಬರುತ್ತಾಳಂತೆ.